ಅರಿವೂ ಹೊಣೆಯೂ

ಒಬ್ಬನು ಒಂದು ವಿಷಯವನ್ನು ಬಲ್ಲನೆಂದು ಯಾವಾಗ ಹೇಳಬಹುದು? ಕೇಳಿದ ಪ್ರಶ್ನೆಗೆ ತಪ್ಪಿಲ್ಲದೆ ಉತ್ತರ ಕೊಟ್ಟಾಗಲೇ ಬಲ್ಲನೆನ್ನಬೇಕೆ, ಇಲ್ಲವೆ ಯಾರೂ ಕೇಳದಿದ್ದಾಗಲೂ ಆ ಅರಿವು ಅವನನ್ನು ಸುಮ್ಮನಿರಗೊಡದಿದ್ದರೆ ಮಾತ್ರವೇ? ಹಿಂದಿನವರು ಈ ಪ್ರಶ್ನೆಯನ್ನು ಬಹುಮಟ್ಟಿಗೆ ಆತ್ಮವಿದ್ಯೆಯ ಪ್ರಸಂಗದಲ್ಲಿ ಎತ್ತಿದರು. ಶಾಸ್ತ್ರವನ್ನೋದಿದವನು ಬೇರೆ, ಅನುಭಾವಿಯು ಬೇರೆ ಎಂಬ ಭೇದವು ಕನ್ನಡನಾಡಿನ ಶರಣರಿಗೂ ದಾಸರಿಗೂ ಚೆನ್ನಾಗಿ ತಿಳಿದಿದ್ದುದೇ. ಆದರೆ ಪರಮಾರ್ಥದ ಎತ್ತರದಲ್ಲಿ ಮಾತ್ರ ಈ ಪ್ರಶ್ನೆ ಹುಟ್ಟುವುದೆಂದು ತಿಳಿಯಬೇಕಾಗಿಲ್ಲ. ಉಸುಕು, ಖಡಿ, ಸಿಮೆಂಟು, ನೀರು ಇವುಗಳ ನಡುವೆಯೂ ಅದು ಹುಟ್ಟುತ್ತದೆ. ಅಲ್ಲಿ ಅದರಿಂದ ನುಣುಚಿಕೊಳ್ಳುವ ದಾರಿಗಳೂ ಕಡಿಮೆ. ಪರಮಾರ್ಥದ ವಿಷಯದಲ್ಲಿ ಬಾಯಿಮಾತಿನ ಜ್ಞಾನಿಯು ಸಾಯುವವರೆಗೂ ಜ್ಞಾನಿಯೆನಿಸಿಕೊಂಡೇ ಇರಬಲ್ಲನು. ಕಟ್ಟಡದ ವಿಷಯದಲ್ಲಿ ಅವನನ್ನು ಬಯಲಿಗೆಳೆಯಲು ಕೆಲವು ಮಳೆಗಾಲಗಳು ಸಾಕು.

ಧಾರವಾಡದ ಸೀಮೆಯ ಎರೆನೆಲದ ಮೇಲೆ ಒಂದು ಇಂಜನಿಯರಿಂಗ್ ಕಾಲೇಜು. ಎರೆನೆಲವೆಂದರೆ ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರುಕು ಬಿಟ್ಟು, ಮಳೆ ಬಿದ್ದೊಡನೆ ಉಬ್ಬಿ, ಮೇಲೆ ಕಟ್ಟಿದ ಗೋಡೆಯನ್ನು ಎತ್ತಿ ಸೀಳುವ ನೆಲ. ಅಂಥಲ್ಲಿ ಕಾಲೇಜಿನವರು ಹೊಸದೊಂದು ಪ್ರಯೋಗಶಾಲೆಯನ್ನು ಕಟ್ಟಿಸತೊಡಗಿದ್ದರು. ಎರಡನೆಯ ವರ್ಷದ ಸಿವಿಲ್ ತರಗತಿಯ ಕಿಟಕಿಯಿಂದ ಆ ಕೆಲಸವೆಲ್ಲ ಕಾಣುತ್ತಿತ್ತು. ಮಿಕ್ಸರಿನ ಗಡಗಡ ಸದ್ದಿಗೆ ಉಪನ್ಯಾಸಕರ ಮಾತು ಕೇಳದಾದಾಗ ಅವರು ಕಿಟಕಿಯನ್ನು ಮುಚ್ಚಲು ಹೇಳುತ್ತಿದ್ದರು. ಪಾಠ ಕಾಂಕ್ರೀಟಿನದೇ ಆಗಿದ್ದ ದಿನಗಳಲ್ಲಿಯೂ ಕಿಟಕಿ ಮುಚ್ಚಿಯೇ ಇರುತ್ತಿತ್ತು. ಇದನ್ನು ಉಪನ್ಯಾಸಕರ ದೋಷವೆನ್ನಲಾಗದು. ಅರುವತ್ತು ಜನ ಹುಡುಗರು, ಐವತ್ತೈದು ನಿಮಿಷ, ಮುಗಿಸಬೇಕಾದ ಐದು ಭಾಗಗಳ ಪಠ್ಯ. ಇಷ್ಟರಲ್ಲಿ ಕಿಟಕಿಯ ಹೊರಗೆ ನೋಡುವ ಬಿಡುವು ಯಾರಿಗೂ ಇರಲಿಲ್ಲ. ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತ ಒಬ್ಬ ವಿದ್ಯಾರ್ಥಿಗೆ ಮಾತ್ರ ಆ ಬಿಡುವು ಹೇಗೋ ದೊರೆಯುತ್ತಿತ್ತು.

ಅಂದಿನ ಪಾಠ ಅಬ್ರಾಮ್ಸನ ನಿಯಮ. ಡಫ್ ಅಬ್ರಾಮ್ಸನೆಂಬ ಅಮೇರಿಕದ ವಿದ್ವಾಂಸನು ಶಿಕಾಗೋ ನಗರದಲ್ಲಿ ಸಾವಿರಾರು ಮಾದರಿಗಳನ್ನು ಒಡೆದು ನೋಡಿ, 1918ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದನು. ಚೆನ್ನಾಗಿ ಬೆರೆತು ಒತ್ತಾಗಿ ಕುಳಿತ ಕಾಂಕ್ರೀಟಿನ ಬಲವು ಮುಖ್ಯವಾಗಿ ನೀರಿಗೂ ಸಿಮೆಂಟಿಗೂ ಇರುವ ಪ್ರಮಾಣವನ್ನೇ ಅವಲಂಬಿಸಿದೆ. ನೀರು ಹೆಚ್ಚಿದಷ್ಟೂ ಬಲ ಕುಗ್ಗುವುದು. ಕಾರಣವೂ ಸರಳವಾದುದು. ಸಿಮೆಂಟು ತನ್ನೊಡನೆ ರಾಸಾಯನಿಕವಾಗಿ ಕೂಡಿಸಿಕೊಳ್ಳುವ ನೀರು ಅದರ ತೂಕದ ಕಾಲುಭಾಗದಷ್ಟು ಮಾತ್ರ. ಉಳಿದ ನೀರು ಕಾಂಕ್ರೀಟನ್ನು ಮೆದುವಾಗಿಸಿ, ಕಾಲಕ್ರಮದಲ್ಲಿ ಆರಿಹೋಗಿ, ತಾನಿದ್ದ ಜಾಗದಲ್ಲಿ ಕಣ್ಣಿಗೆ ಕಾಣದ ರಂಧ್ರಗಳನ್ನು ಬಿಟ್ಟುಹೋಗುತ್ತದೆ. ಭಾರತೀಯ ಮಾನಕ ಸಂಸ್ಥೆಯ 456ನೆಯ ಸಂಹಿತೆಯು, 2000ದ ಆವೃತ್ತಿಯಲ್ಲಿ, ಸಾಧಾರಣ ಹವೆಗೆ ಒಡ್ಡಿದ ಸರಳುಗಟ್ಟಿನ ಕಾಂಕ್ರೀಟಿಗೆ ಈ ಪ್ರಮಾಣವು 0.50ನ್ನು ಮೀರಬಾರದೆಂದು ವಿಧಿಸಿದೆ. ಅಂದರೆ 50 ಕಿಲೋ ತೂಕದ ಒಂದು ಚೀಲಕ್ಕೆ 25 ಲೀಟರು ನೀರು. ವಿದ್ಯಾರ್ಥಿಯು ಇದನ್ನೆಲ್ಲ ಬರೆದುಕೊಂಡನು. ಮುಂದಿನ ವಾರದ ಕಿರುಪರೀಕ್ಷೆಯಲ್ಲಿ ಬರೆದುಕೊಟ್ಟನು. ಹತ್ತಕ್ಕೆ ಹತ್ತು ಅಂಕಗಳೂ ಬಂದುವು.

ಅಂಕಪತ್ರ ಕೈಗೆ ಬಂದ ದಿನವೇ ಅವನು ಕಿಟಕಿಯಿಂದ ಆ ದೃಶ್ಯವನ್ನು ಕಂಡನು. ಕಂಬಗಳಿಗೆ ಕಾಂಕ್ರೀಟು ತುಂಬುತ್ತಿದ್ದರು. ಮಿಕ್ಸರಿನ ಬಾಯಿಗೆ ಖಡಿ, ಉಸುಕು, ಸಿಮೆಂಟು ಬಿದ್ದುವು. ಅಳತೆಯ ಡಬ್ಬಿಯಿಂದ ನೀರೂ ಬಿದ್ದಿತು. ಅದು ನಾಲ್ಕು ಸುತ್ತು ತಿರುಗಿದ ಮೇಲೆ ಮಿಸ್ತ್ರಿಯು ಒಳಗೆ ಇಣುಕಿ ನೋಡಿ ಕೈ ಬೀಸಿದನು. ಹಳದಿ ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟ ಒಬ್ಬ ಹೆಂಗಸು ಬಕೆಟ್ಟಿನಲ್ಲಿ ಇನ್ನಷ್ಟು ನೀರನ್ನು ತಂದು ಸುರಿದಳು. ಬಕೆಟ್ಟು ಹತ್ತು ಲೀಟರಿನದೆಂದು ಹಿಡಿದರೂ ಚೀಲವೊಂದರ ನೀರು 25ರಿಂದ 35 ಲೀಟರಿಗೇರಿತು, ಪ್ರಮಾಣ 0.50 ಇದ್ದುದು 0.70 ಆಯಿತು. ಅಬ್ರಾಮ್ಸನ ಲೆಕ್ಕದಂತೆ ಬಲದಲ್ಲಿ ಮೂರರಲ್ಲೊಂದು ಪಾಲಿಗಿಂತಲೂ ಹೆಚ್ಚು ಕಳೆದುಹೋಯಿತೆಂದರ್ಥ. ವಿದ್ಯಾರ್ಥಿಯು ಈ ಲೆಕ್ಕವನ್ನು ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಮಾಡಿದನು. ಲೆಕ್ಕ ಸರಿಯಾಗಿತ್ತು. ಲೆಕ್ಕ ಮಾಡಿ ಸುಮ್ಮನೆ ಕುಳಿತನು.

ಎರಡು ದಿನ ಅವನು ಸುಮ್ಮನೇ ಇದ್ದನು. ಈ ಎರಡು ದಿನಗಳು ವಿಚಾರ ಮಾಡತಕ್ಕವು. ಏಕೆಂದರೆ ಬಲ್ಲವರ ಮೌನವು ಲೋಕದಲ್ಲಿ ಬಹಳ ಸಾಮಾನ್ಯವಾದುದು, ಅದಕ್ಕೆ ಅವರು ಕೊಟ್ಟುಕೊಳ್ಳುವ ಕಾರಣಗಳೂ ಬಹುಮಟ್ಟಿಗೆ ಇವನವೇ. ಇದು ತನ್ನ ಕೆಲಸವಲ್ಲ ಎಂಬುದೊಂದು. ಕಟ್ಟಡಕ್ಕೆ ಗುತ್ತಿಗೆದಾರನಿದ್ದಾನೆ, ಕಾಲೇಜಿನ ಕಡೆಯಿಂದ ಮೇಲ್ವಿಚಾರಕನಿದ್ದಾನೆ, ನಕ್ಷೆ ಬರೆದವರಿದ್ದಾರೆ. ಅವರಿಗಿಲ್ಲದ ಚಿಂತೆ ಹತ್ತೊಂಬತ್ತು ವರ್ಷದ ಹುಡುಗನಿಗೇಕೆ? ಮಿಸ್ತ್ರಿಯು ಇವನು ಹುಟ್ಟುವ ಮೊದಲಿನಿಂದ ಗಾರೆ ಕೆಲಸ ಮಾಡಿದವನು, ಅವನಿಗೆ ಹೇಳಲು ತಾನಾರು ಎಂಬುದು ಇನ್ನೊಂದು. ಇದು ವಿನಯದಂತೆ ತೋರುತ್ತದೆ. ಆದರೆ ಇವೆರಡೂ ಅವನ ನಿಜವಾದ ಕಾರಣಗಳಾಗಿರಲಿಲ್ಲ. ನಿಜವಾದ ಕಾರಣವು ಅವನಿಗೇ ತಡವಾಗಿ ಹೊಳೆಯಿತು. ಆ ನಿಯಮವನ್ನು ಅವನು ನಂಬಿರಲೇ ಇಲ್ಲ. ಅದು ಪರೀಕ್ಷೆಯಲ್ಲಿ ಬರೆಯತಕ್ಕ ಮಾತೆಂದು ನಂಬಿದ್ದನು. ಕಂಬಕ್ಕೂ ಅನ್ವಯಿಸುವ ಮಾತೆಂದು ಅವನ ಮನಸ್ಸು ಒಪ್ಪಿರಲಿಲ್ಲ. ಒಪ್ಪಿದ್ದರೆ, ಬಾವಿಯ ಕಟ್ಟೆಯ ಮೇಲೆ ಮಗು ಹತ್ತುವುದನ್ನು ಕಂಡವನು ಕೂಗುವಂತೆ, ಅವನೂ ಯೋಚಿಸದೆ ಕೂಗಿಬಿಡುತ್ತಿದ್ದನು.

ಇದಕ್ಕೆ ಕಾಲೇಜಿನ ಅಭ್ಯಾಸವೂ ಒಂದಿಷ್ಟು ಕಾರಣ. ಪ್ರಯೋಗಶಾಲೆಯಲ್ಲಿ ಕಾಂಕ್ರೀಟಿನ ಹದವನ್ನು ಅಳೆಯುವ 300 ಮಿಲಿಮೀಟರು ಎತ್ತರದ ಶಂಕುವಿನಾಕಾರದ ಅಚ್ಚಿದೆ. ತುಂಬಿ, ಸಲಾಕಿಯಿಂದ ಕುಟ್ಟಿ, ಅಚ್ಚನ್ನು ಮೇಲಕ್ಕೆತ್ತಿದರೆ ರಾಶಿಯು ಎಷ್ಟು ಕುಸಿಯುವುದೋ ಅಷ್ಟು ಅದು ಮೆದುವೆಂದು ಲೆಕ್ಕ. ಎಂಟು ಜನರ ಗುಂಪಿನಲ್ಲಿ ಒಬ್ಬನು ಕುಟ್ಟುವನು, ಒಬ್ಬನು ಬರೆದುಕೊಳ್ಳುವನು, ಆರು ಜನರು ಮಾತಾಡುವರು. ಅಂಕೆಯು ಪುಸ್ತಕದಲ್ಲಿರುವುದಕ್ಕಿಂತ ದೂರ ಬಂದರೆ ಹಿಂದಿನ ವರ್ಷದವರ ಜರ್ನಲ್ಲಿನಲ್ಲಿರುವ ಅಂಕೆಯು ಸ್ಥಳಕ್ಕೆ ಬರುವುದು. ಹೀಗೆ ಪ್ರತ್ಯಕ್ಷವು ಪುಸ್ತಕಕ್ಕೆ ವಿರೋಧವಾದಾಗಲೆಲ್ಲ ಪ್ರತ್ಯಕ್ಷವನ್ನು ತಿದ್ದಿ ಅಭ್ಯಾಸವಾದವನು, ಕಿಟಕಿಯ ಹೊರಗೆ ಪುಸ್ತಕಕ್ಕೆ ವಿರೋಧವಾದುದೊಂದು ನಡೆದಾಗ ಏನೂ ಆಗಲಿಲ್ಲವೆಂಬಂತೆ ಕುಳಿತುದು ಆಶ್ಚರ್ಯವಲ್ಲ.

ಮೂರನೆಯ ದಿನ ಊಟದ ಬಿಡುವಿನಲ್ಲಿ ಅವನು ಕೆಳಗಿಳಿದು ಹೋದನು. ಮಿಸ್ತ್ರಿಯು ಸಿಮೆಂಟಿನ ಚೀಲಗಳ ಮರೆಯಲ್ಲಿ ರೊಟ್ಟಿಯ ಗಂಟನ್ನು ಬಿಚ್ಚಿ ಕುಳಿತಿದ್ದನು. ವಿದ್ಯಾರ್ಥಿಯು ತಡವರಿಸುತ್ತ, “ಕಾಕಾ, ನೀರು ಜಾಸ್ತಿ ಆದ್ರ ಕಂಬದ ಬಲ ಕಡಿಮಿ ಆಗೂದಿಲ್ಲೇನ್ರಿ?” ಎಂದು ಕೇಳಿದನು. ಮಿಸ್ತ್ರಿಯು ಸಿಟ್ಟಾಗಲಿಲ್ಲ, ನಗಲೂ ಇಲ್ಲ.

“ಆಗತೈತಿ ತಮ್ಮಾ, ಯಾರು ಇಲ್ಲಂದ್ರು? ಆದ್ರ ವೈಬ್ರೇಟರ್ ಕೆಟ್ಟು ನಾಕು ದಿನ ಆತು. ಬಾ ಇಲ್ಲೆ, ಸರಳ ನೋಡು, ಬೆರಳು ಹೋಗೂದಿಲ್ಲ. ಗಟ್ಟಿ ಮಾಲು ಹಾಕಿದ್ರ ಇದರಾಗ ಇಳಿಯೂದಿಲ್ಲ, ಒಳಗ ಟೊಳ್ಳ ಉಳಿತೈತಿ. ಟೊಳ್ಳ ಕಂಬ ಛಲೋನೋ, ನೀರು ಕುಡದ ಕಂಬ ಛಲೋನೋ, ನಿಮ್ಮ ಬುಕ್ಕಿನಾಗ ಏನ ಬರದಾರ ನೋಡಿ ಹೇಳು.”

ವಿದ್ಯಾರ್ಥಿಯಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ಅವನು ಪುಸ್ತಕವನ್ನು ತೆರೆದು ನೋಡಿದನು. ಬರೆದಿದ್ದರು. ಪರೀಕ್ಷೆಗೆ ಬಾರದೆಂದು ಬಿಟ್ಟಿದ್ದ ಅಧ್ಯಾಯದಲ್ಲಿ, ಕಾಂಕ್ರೀಟಿನೊಳಗೆ ನೂರಕ್ಕೆ ಐದು ಪಾಲು ಗಾಳಿ ಉಳಿದರೆ ಬಲವು ನೂರಕ್ಕೆ ಮೂವತ್ತರಷ್ಟು ಇಳಿಯುವುದೆಂದಿತ್ತು. ಅಬ್ರಾಮ್ಸನ ನಿಯಮವನ್ನು ಮತ್ತೆ ಓದಿದಾಗ, ಒತ್ತಾಗಿ ಕುಳಿತ ಕಾಂಕ್ರೀಟಿಗೆ ಎಂಬ ಒಂದು ಮಾತು ಅದರಲ್ಲಿ ಮೊದಲಿನಿಂದಲೂ ಇದ್ದುದು ಕಣ್ಣಿಗೆ ಬಿದ್ದಿತು. ಹತ್ತಕ್ಕೆ ಹತ್ತು ಅಂಕ ಪಡೆದ ಉತ್ತರದಲ್ಲಿ ಅವನು ಆ ಮಾತನ್ನು ಬರೆದಿದ್ದನು. ಬರೆದಿದ್ದನೇ ಹೊರತು ಓದಿರಲಿಲ್ಲ.

ಇಂಥ ಪ್ರಸಂಗವನ್ನು ಕೇಳಿದೊಡನೆ, ನೋಡಿರಿ, ಪುಸ್ತಕದ ಓದು ನಿರರ್ಥಕ, ಕೈಕೆಲಸದವನೇ ನಿಜವಾದ ಪಂಡಿತ ಎಂದು ಹೇಳಿ ಸಂತೋಷಪಡುವವರುಂಟು. ಅವರಲ್ಲಿ ಹೆಚ್ಚಿನವರು ತಾವು ಪುಸ್ತಕ ಓದಿ ಬದುಕುವವರೇ ಆಗಿರುವುದು ಗಮನಿಸತಕ್ಕ ವಿಷಯ. ಅವರ ಮಾತು ಸರಿಯಲ್ಲ. ಮಿಸ್ತ್ರಿಯು ತನ್ನ ಮುಂದೆ ಎರಡು ಕೆಡಕುಗಳಿವೆಯೆಂಬುದನ್ನು ಬಲ್ಲನು. ಅವೆರಡರಲ್ಲಿ ಯಾವುದು ಎಷ್ಟು ಕೆಡಕೆಂಬುದನ್ನು ಬಲ್ಲವನಲ್ಲ. ಕಣ್ಣಿಗೆ ಕಾಣುವ ಟೊಳ್ಳಿಗೆ ಅವನು ಹೆದರಿದನು, ಏಕೆಂದರೆ ಪಲಗೆ ಬಿಚ್ಚಿದ ದಿನ ಮೇಲ್ವಿಚಾರಕನು ಬೈಯುವುದು ಅದಕ್ಕೆ. ಕಣ್ಣಿಗೆ ಕಾಣದ ರಂಧ್ರಗಳಿಗಾಗಿ ಅವನನ್ನು ಯಾರೂ ಬೈದಿರಲಿಲ್ಲ. ನೀರು ಹೆಚ್ಚಿಸದೆಯೇ ಕಾಂಕ್ರೀಟನ್ನು ಮೆದುಗೊಳಿಸುವ ರಾಸಾಯನಿಕ ದ್ರವಗಳು 1960ರ ದಶಕದಲ್ಲಿಯೇ ಜಪಾನ್, ಜರ್ಮನಿ ದೇಶಗಳಲ್ಲಿ ಸಿದ್ಧವಾದವು. ಈಗ ಪೇಟೆಯ ಅಂಗಡಿಯಲ್ಲಿ ಡಬ್ಬಿಗಳಲ್ಲಿ ದೊರೆಯುತ್ತವೆ. ಎರಡು ಕೆಡಕುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ಇಕ್ಕಟ್ಟಿನಿಂದ ಬಿಡಿಸುವ ಮೂರನೆಯ ದಾರಿಯನ್ನು ಪುಸ್ತಕವು ಬಲ್ಲುದು. ಆದರೆ ಅಂಥ ಇಕ್ಕಟ್ಟೊಂದಿದೆಯೆಂಬುದನ್ನು ಪುಸ್ತಕವು ಬಲ್ಲುದಾದರೂ ಪುಸ್ತಕವನ್ನೋದಿದವನು ಬಲ್ಲವನಾಗಿರಲಿಲ್ಲ. ಪಾಠದಲ್ಲಿ ನೀರಿನದೊಂದು ಅಧ್ಯಾಯ, ಗಾಳಿಯದೊಂದು ಅಧ್ಯಾಯ. ನಡುವೆ ನೂರು ಪುಟಗಳು. ಮಿಕ್ಸರಿನ ಬಾಯಿಯಲ್ಲಿ ಎರಡೂ ಒಂದೇ ಬಕೆಟ್ಟಿನಲ್ಲಿ ಬರುತ್ತವೆ.

ಕಾಳಿದಾಸನ ಮಾಲವಿಕಾಗ್ನಿಮಿತ್ರ ನಾಟಕದಲ್ಲಿ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಹೆಚ್ಚೆಂದು ಜಗಳವಾಡಿ ಅರಸನ ಮುಂದೆ ಬರುತ್ತಾರೆ. ನ್ಯಾಯ ಹೇಳಲು ಕುಳಿತ ಪರಿವ್ರಾಜಿಕೆಯು ಅವರ ಮಾತಿನ ಪಾಂಡಿತ್ಯವನ್ನು ಪರೀಕ್ಷಿಸಲೊಲ್ಲದೆ, ಶಿಷ್ಯೆಯರು ರಂಗದ ಮೇಲೆ ಬಂದು ಮಾಡಿ ತೋರಿಸಲೆನ್ನುತ್ತಾಳೆ. ಅದು ನಾಟಕದ ಕಥೆಗೆ ಬೇಕಾದ ಉಪಾಯವೆಂಬುದು ನಿಜವೇ. ಮಾಲವಿಕೆಯನ್ನು ಅರಸನ ಕಣ್ಣಿಗೆ ಬೀಳಿಸಬೇಕಾಗಿತ್ತು. ಆದರೂ ಮಾತಿನಲ್ಲಿ ತಿಳಿವನ್ನು ಅಳೆಯಬಾರದೆಂಬ ಆ ತೀರ್ಪನ್ನು ಸಭೆಯಲ್ಲಿ ಯಾರೂ ವಿಚಿತ್ರವೆನ್ನುವುದಿಲ್ಲ. ಗ್ರೀಸಿನ ಅರಿಸ್ಟಾಟಲನು ನೀತಿಯನ್ನು ಕುರಿತು ಬರೆಯುವಾಗ ಮನೆ ಕಟ್ಟುವವನ ದೃಷ್ಟಾಂತವನ್ನೇ ತೆಗೆದುಕೊಂಡನು. ಸದ್ಗುಣವೂ ಕಟ್ಟುವ ಕಲೆಯೂ ಮಾಡಿ ಮಾಡಿಯೇ ಬರತಕ್ಕವು ಎಂಬಷ್ಟಕ್ಕೆ ಅವನು ನಿಲ್ಲಿಸಲಿಲ್ಲ. ಒಳ್ಳೆಯ ಗೌಂಡಿಯೂ ಕೆಟ್ಟ ಗೌಂಡಿಯೂ ಅದೇ ಕಟ್ಟುವ ಕೆಲಸದಿಂದಲೇ ಹುಟ್ಟುತ್ತಾರೆಂಬುದನ್ನೂ ಕಾಣಿಸಿದನು. ಮಾತಿಗಿಂತ ಮಾಡುವುದು ಮೇಲೆಂದು ಹೇಳುವವರು ಈ ಎರಡನೆಯ ಭಾಗವನ್ನು ಸಾಮಾನ್ಯವಾಗಿ ಮರೆಯುತ್ತಾರೆ. ನೀರು ಸುರಿದು ಸುರಿದು ಅಭ್ಯಾಸವಾದ ಕೈಗೆ ವೈಬ್ರೇಟರು ದುರಸ್ತಿಯಾಗಿ ಬಂದ ಮೇಲೂ ನೀರು ಸುರಿಯಬೇಕೆನಿಸುವುದು.

ಪಾಠವನ್ನೂ ಕಟ್ಟಡವನ್ನೂ ಬೇರೆ ಬೇರೆ ಮಾಡಿದುದು ಎಲ್ಲ ಕಾಲದ ಕ್ರಮವೇನೂ ಅಲ್ಲ. ಉತ್ತರದ ರೂರ್ಕಿಯ ಕಾಲೇಜು 1847ರಲ್ಲಿ ಹುಟ್ಟಿದುದೇ ಗಂಗಾ ಕಾಲುವೆಯ ಕೆಲಸದ ಒಡಲಲ್ಲಿ. ಕಾಟ್ಲಿಯು ತೋಡಿಸುತ್ತಿದ್ದ ಆ ಕಾಲುವೆಗೆ ಕೆಲಸ ಬಲ್ಲವರು ಸಾಲದೆ ಬಂದುದರಿಂದ, ಕೆಲಸದ ಬಳಿಯಲ್ಲಿಯೇ ಪಾಠಶಾಲೆ ಏರ್ಪಟ್ಟಿತು. ಸೋಲಾನಿ ನದಿಯ ಮೇಲೆ ಕಾಲುವೆಯನ್ನೇ ಹೊತ್ತು ನಿಂತ ಮೇಲ್ಗಾಲುವೆಯ ಇಟ್ಟಿಗೆಯ ಕಮಾನುಗಳು ಏಳುತ್ತಿದ್ದುದು ಆ ವಿದ್ಯಾರ್ಥಿಗಳ ಕಣ್ಣೆದುರಿಗೇ. 1854ರಲ್ಲಿ ಕಾಲುವೆಗೆ ನೀರು ಬಿಟ್ಟರು. ಪಾಠಕ್ಕೂ ಕೆಲಸಕ್ಕೂ ನಡುವೆ ಅಲ್ಲಿ ಕಿಟಕಿಯಿರಲಿಲ್ಲ. ಹಾಗೆಂದು ಆ ಕಾಲವನ್ನು ಹೊಗಳುವಾಗ ಇನ್ನೊಂದನ್ನೂ ನೆನೆಯಬೇಕು: ಅಲ್ಲಿ ಇಂಜನಿಯರುಗಳಾಗುವವರಿಗೊಂದು ವರ್ಗ, ಓವರಸೀಯರರಾಗುವ ಯುರೋಪಿಯನ್ ಸೈನಿಕರಿಗೊಂದು ವರ್ಗ, ಮೋಜಣಿ ಕಲಿಯುವ ದೇಶೀಯ ತರುಣರಿಗೊಂದು ವರ್ಗ ಎಂದು ಮೊದಲೇ ವಿಂಗಡಿಸಿದ್ದರು. ಕಿಟಕಿಯಿರಲಿಲ್ಲ, ಗೋಡೆಯಿತ್ತು. ಕನ್ನಂಬಾಡಿಯ ಕಟ್ಟೆಯ ಮಾತು ಇನ್ನೂ ಹತ್ತಿರದ್ದು. 1911ರಲ್ಲಿ ಆರಂಭವಾಗಿ ಎರಡು ದಶಕಗಳ ಕಾಲ ನಡೆದ ಆ ಕೆಲಸದಲ್ಲಿ ಸಿಮೆಂಟಿಗೆ ಬದಲಾಗಿ ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿಯನ್ನು ಬೆರಸಿದ ಸುರ್ಕಿ ಗಾರೆಯನ್ನು ಬಳಸಿದರು. ಗಾರೆ ಅರೆಯುವವರ ಕೈಯ ಹದವೂ ಪುಣೆಯ ಕಾಲೇಜಿನಲ್ಲಿ ಓದಿ ಬಂದ ವಿಶ್ವೇಶ್ವರಯ್ಯನವರ ಗಣಿತವೂ ಒಂದೇ ಗೋಡೆಯಲ್ಲಿ ಸೇರಿದುವು. ಆ ಕೆಲಸ ಇನ್ನೂ ನಡೆಯುತ್ತಿದ್ದಾಗಲೇ, 1917ರಲ್ಲಿ, ಮೈಸೂರು ಸಂಸ್ಥಾನದ ಮೊದಲನೆಯ ಇಂಜನಿಯರಿಂಗ್ ಕಾಲೇಜು ಬೆಂಗಳೂರಿನಲ್ಲಿ ತೆರೆಯಿತು.

ಹೀಗೆ ಅರಿವು ಎರಡು ಕಡೆ ಹಂಚಿಹೋಗಿರುವಾಗ ಹೊಣೆಯು ಯಾರದೆಂಬುದು ಕಷ್ಟದ ಪ್ರಶ್ನೆ. ನೀರು ಸುರಿದ ಹೆಂಗಸಿನದೇ? ಅವಳು ಕೈ ಬೀಸಿದಾಗ ಸುರಿಯತಕ್ಕವಳು. ಮಿಸ್ತ್ರಿಯದೇ? ವೈಬ್ರೇಟರಿನ ದುರಸ್ತಿಗೆ ಹಣ ಕೊಡತಕ್ಕವನು ಅವನಲ್ಲ. ಕೆಲಸ ನಿಲ್ಲಿಸಿದರೆ ಅಂದಿನ ಕೂಲಿ ಅವನಿಗೂ ಇಲ್ಲ, ಅವನ ಹದಿನಾಲ್ಕು ಆಳುಗಳಿಗೂ ಇಲ್ಲ. ಗುತ್ತಿಗೆದಾರನು ಕಡಮೆ ದರಕ್ಕೆ ಒಪ್ಪಿಕೊಂಡವನು. ಕಡಮೆ ದರದವನನ್ನೇ ಆರಿಸಿದವರು ಕಟ್ಟಡ ಸಮಿತಿಯವರು. ಪ್ರತಿಯೊಬ್ಬನ ಹೊಣೆಯನ್ನೂ ಅವನ ಮುಂದಿನವನು ಸ್ವಲ್ಪ ಸ್ವಲ್ಪ ಹೊತ್ತು, ಕೊನೆಗೆ ಯಾರ ಹೆಗಲ ಮೇಲೂ ಭಾರವೇ ಉಳಿಯದಂತಾಗುತ್ತದೆ. ಭಾರವೆಲ್ಲ ಕಂಬದ ಮೇಲೆ.

ಇದಕ್ಕೆ ಕೆನಡಾ ದೇಶದ ಕ್ವಿಬೆಕ್ ಸೇತುವೆಯ ಕಥೆಗಿಂತ ಸ್ಪಷ್ಟವಾದ ಉದಾಹರಣೆ ದೊರೆಯದು. ಸೇಂಟ್ ಲಾರೆನ್ಸ್ ನದಿಯ ಮೇಲಿನ ಆ ಸೇತುವೆಯ ನಡುವಣ ಅಂತರವನ್ನು ಮೊದಲಿದ್ದ 1600 ಅಡಿಗಳಿಂದ 1800 ಅಡಿಗಳಿಗೆ ಹೆಚ್ಚಿಸಿದರು. ಹೆಚ್ಚಿದ ಉಕ್ಕಿನ ಸ್ವಂತ ಭಾರವನ್ನು ಹೊಸದಾಗಿ ಸರಿಯಾಗಿ ಲೆಕ್ಕ ಹಾಕಲಿಲ್ಲ. ಸಲಹೆಯ ಇಂಜನಿಯರನಾಗಿದ್ದ ಥಿಯೊಡೊರ್ ಕೂಪರನು ಖ್ಯಾತಿವಂತನು, ವೃದ್ಧನು, ಅಸ್ವಸ್ಥನು. ನ್ಯೂಯಾರ್ಕಿನಲ್ಲಿದ್ದುಕೊಂಡೇ ಕೆಲಸ ನಡೆಸುತ್ತಿದ್ದನು. 1907ರ ಬೇಸಿಗೆಯಲ್ಲಿ ಸೇತುವೆಯ ಕೆಳಗಣ ಉಕ್ಕಿನ ಅಂಗಗಳು ಬಾಗುತ್ತಿರುವುದನ್ನು ಸ್ಥಳದಲ್ಲಿದ್ದ ಮ್ಯಾಕ್ಲೂರನೆಂಬ ತರುಣ ಪರೀಕ್ಷಕನು ಅಳೆದು ಕಂಡನು. ಆ ಬಾಗು ಕಾರ್ಖಾನೆಯಿಂದ ಬರುವಾಗಲೇ ಇತ್ತೆಂದು ಕೆಲವರು ವಾದಿಸಿದರು. ಮ್ಯಾಕ್ಲೂರನು ನ್ಯೂಯಾರ್ಕಿಗೆ ಹೋಗಿ ಹೇಳಿದನು. ಕೂಪರನಿಗೆ ಅಪಾಯ ತಿಳಿಯಿತು. ಇನ್ನು ಭಾರವನ್ನು ಹೇರಬಾರದೆಂದು ಪೆನ್ಸಿಲ್ವೇನಿಯದ ಕಂಪನಿಗೆ ತಂತಿ ಕಳುಹಿಸಿದನು. ಆ ಮಾತು ಸೇತುವೆಯ ಮೇಲಿದ್ದವರಿಗೆ ಕಾಲಕ್ಕೆ ಮುಟ್ಟಲಿಲ್ಲ. ಆಗಸ್ಟ್ 29ರ ಸಂಜೆ ಸೇತುವೆ ನದಿಗೆ ಬಿದ್ದು 75 ಮಂದಿ ಸತ್ತರು. ಕಂಡವನಿಗೆ ಆಜ್ಞೆ ಮಾಡುವ ಅಧಿಕಾರವಿರಲಿಲ್ಲ, ಅಧಿಕಾರವಿದ್ದವನು ಕಂಡಿರಲಿಲ್ಲ. ಕೆನಡಾದ ಇಂಜನಿಯರುಗಳು 1925ರಿಂದ ಒಂದು ಪ್ರತಿಜ್ಞೆಯನ್ನು ಸ್ವೀಕರಿಸಿ, ಕೆಲಸ ಮಾಡುವ ಕೈಯ ಕಿರುಬೆರಳಿಗೆ ಕಬ್ಬಿಣದ ಉಂಗುರವನ್ನು ತೊಡುತ್ತ ಬಂದಿದ್ದಾರೆ. ಬರೆಯುವಾಗಲೆಲ್ಲ ಅದು ಮೇಜಿಗೆ ಒತ್ತುವುದು. ಬಿದ್ದ ಸೇತುವೆಯ ಕಬ್ಬಿಣದಿಂದಲೇ ಅದನ್ನು ಮಾಡಿದರೆಂದು ಹೇಳುವರು. ಅದು ನಿಜವಲ್ಲ, ಆದರೆ ಜನ ಅದನ್ನು ನಂಬಲು ಇಷ್ಟಪಟ್ಟುದು ಅರ್ಥವಿಲ್ಲದ್ದಲ್ಲ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿಯ ಕಟ್ಟಡವೊಂದು ಕುಸಿದು ಹದಿನೈದಕ್ಕೂ ಹೆಚ್ಚು ಜನರು ಮಡಿದರು. ಆ ಸೀಮೆಯ ಇಂಜನಿಯರಿಂಗ್ ವಿದ್ಯಾರ್ಥಿಗಳಿಗೆ ಅದು ಪುಸ್ತಕದ ಉದಾಹರಣೆಯಲ್ಲ.

ಕಾಲೇಜಿನ ಕಂಬ ಹಾಗೆ ಬೀಳುವುದೆಂದು ಹೇಳಲಾಗದು. ನಕ್ಷೆ ಬರೆಯುವವರು ಕಾಂಕ್ರೀಟಿನ ಬಲವನ್ನು ಒಂದೂವರೆಯಿಂದ ಭಾಗಿಸಿಯೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಹೇರುವ ಭಾರವನ್ನೂ ಒಂದೂವರೆ ಪಟ್ಟು ಮಾಡಿಯೇ ಹಿಡಿಯುತ್ತಾರೆ. ಆದುದರಿಂದ ಒಂದು ಬಕೆಟ್ಟು ನೀರಿಗೆ ಕಂಬ ಬೀಳುವುದು ಅಪರೂಪ. ಇದೇ ಮಾತನ್ನು ತಿಳಿದವರೊಬ್ಬರು ವಿದ್ಯಾರ್ಥಿಗೆ ಸಮಾಧಾನವಾಗಿ ಹೇಳಿದರು. ಅವನಿಗೆ ಸಮಾಧಾನವಾಗಲಿಲ್ಲ, ಆಗದಿದ್ದುದು ಅವನು ನಿಜವಾಗಿ ವಿಚಾರ ಮಾಡತೊಡಗಿದುದರ ಮೊದಲ ಗುರುತು. ಆ ಕ್ಷೇಮಾಂಶವನ್ನು ಇಟ್ಟುದು ಯಾವುದಕ್ಕೆ? ಮನುಷ್ಯನಿಗೆ ಮುಂಗಾಣಲಾಗದ ಸಂಗತಿಗಳಿಗಾಗಿ: ಎಂದೋ ಬರುವ ಭೂಕಂಪ, ಕಲ್ಲಿನಲ್ಲಿ ಅಡಗಿದ ದೋಷ, ಗೊತ್ತಿಲ್ಲದೆ ಆದ ತಪ್ಪು. ಗೊತ್ತಿಲ್ಲದುದಕ್ಕಾಗಿ ಕೂಡಿಟ್ಟ ಗಂಟನ್ನು ಗೊತ್ತಿದ್ದೂ ಮಾಡಿದ ತಪ್ಪಿಗೆ ಖರ್ಚುಮಾಡಿದರೆ, ನಿಜವಾಗಿ ಗೊತ್ತಿಲ್ಲದುದು ಬಂದಾಗ ಗಂಟಿನಲ್ಲಿ ಏನೂ ಇರುವುದಿಲ್ಲ. ಸಂಸಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಿಸ್ತ್ರಿಯ ಬಳಿ ಹೋಗಿ ಬರುವ ರೂಢಿಯಾದ ಮೇಲೆ ವಿದ್ಯಾರ್ಥಿಯ ಕಣ್ಣಿಗೆ ಬೇರೆ ಸಂಗತಿಗಳೂ ಬಿದ್ದುವು. ಅವುಗಳಲ್ಲೊಂದು ಆ ನೀರಿನ ಹೆಂಗಸಿನ ಕೈ. ಬೆರಳ ಸಂದುಗಳಲ್ಲಿ ತೊಗಲು ಬಿಳಿಚಿ ಸೀಳಿತ್ತು; ಅಂಗೈಗೆ ಪ್ಲಾಸ್ಟಿಕ್ ಚೀಲದ ತುಂಡನ್ನು ಸುತ್ತಿಕೊಂಡಿದ್ದಳು. ಏನೆಂದು ಕೇಳಿದಾಗ, “ಸಿಮಿಟ್ ತಿಂತೈತಿ” ಎಂದಳು. ಹಸಿ ಸಿಮೆಂಟು ತೀವ್ರವಾದ ಕ್ಷಾರವೆಂಬುದನ್ನು ವಿದ್ಯಾರ್ಥಿಯು ಓದಿದ್ದನು. ಬಾಳಿಕೆಯ ಅಧ್ಯಾಯದಲ್ಲಿ ಅದು ಗುಣವೆಂದು ಬರುತ್ತದೆ: ಆ ಕ್ಷಾರವಿರುವವರೆಗೆ ಒಳಗಣ ಸರಳಿಗೆ ತುಕ್ಕು ಹಿಡಿಯುವುದಿಲ್ಲ, ಕಟ್ಟಡವು ಐವತ್ತು ವರ್ಷ ನಿಲ್ಲುವುದು. ಸರಳನ್ನು ಕಾಯುವ ಅದೇ ವಸ್ತು ಕೈಯನ್ನು ತಿನ್ನುವುದೆಂಬ ಸಂಗತಿಗೆ ಅವನ ಪಠ್ಯದಲ್ಲಿ ಸ್ಥಳವಿರಲಿಲ್ಲ. ರಬ್ಬರಿನ ಕೈಗವಸಿನ ಬೆಲೆ ಎಷ್ಟೆಂದು ಅವನು ಪೇಟೆಯಲ್ಲಿ ವಿಚಾರಿಸಿದನು. ಅರ್ಧ ಚೀಲ ಸಿಮೆಂಟಿನ ಬೆಲೆಗೂ ಕಡಿಮೆ.

ಉಸುಕಿನ ರಾಶಿಯ ಮೇಲೆ ಅವಳ ಮಗಳು ಆಡುತ್ತಿದ್ದಳು, ನಾಲ್ಕೈದು ವರ್ಷದವಳು. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಟ್ಟಡದ ಕೆಲಸದಲ್ಲಿ ಮಕ್ಕಳಿಗಾಗಿ ಕೋಣೆಯನ್ನು ಒದಗಿಸಬೇಕೆಂದು 1996ರ ಕಾಯಿದೆಯಲ್ಲಿತ್ತು. ಅಲ್ಲಿ ದುಡಿಯುತ್ತಿದ್ದ ಹೆಂಗಸರು ಒಂಬತ್ತು ಮಂದಿ. ಆದುದರಿಂದ ಯಾವ ಕಾಯಿದೆಯೂ ಮುರಿದಿರಲಿಲ್ಲ. ಆ ಹುಡುಗಿಯು ತಗಡಿನ ಶೆಡ್ಡಿನಿಂದ ತಂದ ಒಡೆದ ಬಟ್ಟಲಲ್ಲಿ ಒದ್ದೆ ಉಸುಕನ್ನು ತುಂಬಿ, ತಟ್ಟಿ, ಮಗುಚಿ, ಮೆಲ್ಲನೆ ಎತ್ತುತ್ತಿದ್ದಳು. ಒದ್ದೆ ಹೆಚ್ಚಾದಾಗ ಗುಬ್ಬಿಮನೆ ಕುಸಿಯುತ್ತಿತ್ತು; ಒಣ ಉಸುಕನ್ನು ಬೆರಸಿ ಮತ್ತೆ ಮಾಡುತ್ತಿದ್ದಳು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಎಂಟು ಜನ ಸೇರಿ ಮಾಡುವ ಹದದ ಪರೀಕ್ಷೆಯೇ ಅದು. ಅವಳು ಅಂಕೆಗಳನ್ನು ತಿದ್ದುತ್ತಿರಲಿಲ್ಲವೆಂಬಷ್ಟೇ ವ್ಯತ್ಯಾಸ.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದುದು. ಕಾಂಕ್ರೀಟಿನ ಬಲವನ್ನು ತಿಳಿಯಲು 150 ಮಿಲಿಮೀಟರಿನ ಘನಾಕಾರದ ಅಚ್ಚುಗಳಲ್ಲಿ ಮಾದರಿಯನ್ನು ತುಂಬಿ, ನೀರಿನಲ್ಲಿಟ್ಟು, 28ನೆಯ ದಿನ ಯಂತ್ರದಲ್ಲಿ ಒಡೆದು ನೋಡುವುದು ನಿಯಮ. ಆ ಅಚ್ಚುಗಳನ್ನು ತುಂಬುವುದನ್ನು ವಿದ್ಯಾರ್ಥಿಯು ಒಂದು ಬೆಳಗ್ಗೆ ನೋಡಿದನು. ಬಕೆಟ್ಟಿನ ನೀರು ಬೀಳುವ ಮೊದಲೇ ತುಂಬಿದರು. ಕೆಲಸದವರಲ್ಲಿ ಯಾರೂ ಅದನ್ನು ಮೋಸವೆಂದು ತಿಳಿದಂತೆ ಕಾಣಲಿಲ್ಲ. ಮಾದರಿಗೆ ಚೆನ್ನಾದುದನ್ನು ಕೊಡಬೇಕು, ಅತಿಥಿಗೆ ಒಳ್ಳೆಯ ತಟ್ಟೆಯಿಟ್ಟಂತೆ. 28ನೆಯ ದಿನ ಆ ಘನಗಳು ಉತ್ತೀರ್ಣವಾದುವು. ಕಡತದಲ್ಲಿ ಅಂಕೆಗಳು ದಾಖಲಾದುವು. ಅಂಕೆಗಳಲ್ಲಿ ಸುಳ್ಳೇನೂ ಇರಲಿಲ್ಲ. ಘನದಲ್ಲಿದ್ದ ಕಾಂಕ್ರೀಟು ನಿಜವಾಗಿಯೂ ಅಷ್ಟು ಬಲವಾಗಿತ್ತು. ಕಂಬದಲ್ಲಿದ್ದುದು ಬೇರೆ. ಕಡತವನ್ನು ನೋಡುತ್ತ ನಿಂತ ವಿದ್ಯಾರ್ಥಿಗೆ ತನ್ನ ಹತ್ತಕ್ಕೆ ಹತ್ತರ ಉತ್ತರಪತ್ರಿಕೆಯು ನೆನಪಾದುದು ಸಹಜ.

ಅವನು ಕಾಲೇಜಿನ ಕಟ್ಟಡದ ಮೇಲ್ವಿಚಾರಕರಿಗೆ ಒಂದು ಪುಟದ ಪತ್ರವನ್ನು ಬರೆದನು. ಮಿಸ್ತ್ರಿಯ ಹೆಸರನ್ನಾಗಲಿ ಹೆಂಗಸಿನ ಹೆಸರನ್ನಾಗಲಿ ಅದರಲ್ಲಿ ಎತ್ತಲಿಲ್ಲ. ವೈಬ್ರೇಟರು ಕೆಟ್ಟಿದೆ, ನೀರು ಹೆಚ್ಚು ಬೀಳುತ್ತಿದೆ, ಕೈಗವಸುಗಳಿಲ್ಲ ಎಂದಷ್ಟೇ ಬರೆದನು. ಉತ್ತರ ಬರಲಿಲ್ಲ. ಐದಾರು ದಿನಗಳ ಮೇಲೆ ವೈಬ್ರೇಟರು ಬಂದಿತು. ಪತ್ರದಿಂದ ಬಂದಿತೋ ತಾನಾಗಿ ಬಂದಿತೋ ತಿಳಿಯಲಿಲ್ಲ. ಕೈಗವಸುಗಳು ಬರಲಿಲ್ಲ, ಅವನ್ನು ಅವನೇ ಕೊಂಡು ತಂದನು, ಮೂರು ಜೊತೆ. ನಾಲ್ಕನೆಯದಕ್ಕೆ ತಿಂಗಳ ಖರ್ಚಿನ ಹಣ ಸಾಲಲಿಲ್ಲ. ಮಿಸ್ತ್ರಿಯು ವೈಬ್ರೇಟರು ಬಂದ ಮೊದಲ ದಿನ ರೂಢಿಯಂತೆ ಕೈ ಬೀಸಿ, ಕಿಟಕಿಯತ್ತ ಒಮ್ಮೆ ನೋಡಿ, ಬಕೆಟ್ಟನ್ನು ನಿಲ್ಲಿಸಿದನು.

ಆದರೆ ಅದಕ್ಕೆ ಮೊದಲು ತುಂಬಿದ ಕಂಬಗಳು ಹಾಗೆಯೇ ಉಳಿದುವು. ಗಿಲಾವು ಆಯಿತು, ಬಣ್ಣವಾಯಿತು. ಮರುವರ್ಷ ಆ ಕಟ್ಟಡದಲ್ಲಿಯೇ ಮೂರನೆಯ ವರ್ಷದವರ ಪ್ರಯೋಗಗಳು ನಡೆದುವು. ಒಂದು ದಿನ ಕಾಂಕ್ರೀಟನ್ನು ಒಡೆಯದೆ ಅದರ ಗಟ್ಟಿತನವನ್ನು ಅಂದಾಜು ಮಾಡುವ ಪುಟಿತದ ಸುತ್ತಿಗೆಯ ಪಾಠವಿತ್ತು. ಉಪನ್ಯಾಸಕರು ಎಂದಿನಂತೆ ಅದಕ್ಕಾಗಿ ತಂದಿಟ್ಟ ಒಂದು ದಿಮ್ಮಿಯನ್ನು ತೋರಿಸಿ, ಅದರ ಮೇಲೆ ಬಡಿದು ಅಂಕೆಗಳನ್ನು ಬರೆದುಕೊಳ್ಳಿರೆಂದರು. ವಿದ್ಯಾರ್ಥಿಯು ಎದ್ದು ನಿಂತು, ದಿಮ್ಮಿಗೆ ಬದಲಾಗಿ ಕಟ್ಟಡದ ಕಂಬಗಳನ್ನೇ ಪರೀಕ್ಷಿಸಬಹುದೇ ಎಂದು ಕೇಳಿದನು. ಗಿಲಾವನ್ನು ಕೆತ್ತಬೇಕಾಗುವುದು, ಮೇಲಿನವರ ಅಪ್ಪಣೆ ಬೇಕು ಎಂದರು ಅವರು. ಸ್ವಲ್ಪ ಹೊತ್ತು ಯೋಚಿಸಿ, ಒಂದೆರಡು ಕಡೆ ಅಂಗೈ ಅಗಲದಷ್ಟು ಕೆತ್ತಿದರೆ ತೊಂದರೆಯೇನಿಲ್ಲ, ಅಪ್ಪಣೆಯನ್ನು ತಾವೇ ಕೇಳುವುದಾಗಿಯೂ ಹೇಳಿದರು. ಯಾವ ಕಂಬಗಳೆಂದು ಕೇಳಿದಾಗ ವಿದ್ಯಾರ್ಥಿಯು ತಡಮಾಡದೆ ಪಶ್ಚಿಮದ ಸಾಲಿನ ಎರಡನೆಯದನ್ನೂ ಮೂರನೆಯದನ್ನೂ ತೋರಿಸಿದನು.

ಆ ಎರಡೇ ಏಕೆ ಎಂದು ಉಪನ್ಯಾಸಕರು ಕೇಳಿದರು.

ಅರುವತ್ತು ಜನರು ಅವನತ್ತ ತಿರುಗಿದರು. ಅವನು ಮೊದಲಿನಿಂದ ಹೇಳತೊಡಗಿದನು: ಬಕೆಟ್ಟಿನಿಂದ ಅಲ್ಲ, ಅದನ್ನು ಕಂಡೂ ಎರಡು ದಿನ ಬೆಂಚಿನ ಮೇಲೆ ಕುಳಿತೇ ಇದ್ದುದರಿಂದ.